ಊದದ ವಿಸಿಲ್ ಕೂಡ ತೀರ್ಪೇ

"ಕೊನೇ ಎರಡು ನಿಮಿಷ ಸಾರ್, ಆಡೋರನ್ನ ಆಡೋಕೆ ಬಿಡಿ!"

ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕ ನಿಂತು ನೋಡಿದವರಿಗೆಲ್ಲ ಈ ಮಾತು ಗೊತ್ತು. ಯಲಹಂಕದ ಅಪಾರ್ಟ್‌ಮೆಂಟ್ ಟೂರ್ನಮೆಂಟ್ ಇರಲಿ, ಆರ್.ಟಿ. ನಗರದ ಹುಡುಗರ ಸಂಜೆ ಆಟ ಇರಲಿ, ಆಫೀಸಿನವರ ವೀಕೆಂಡ್ ಲೀಗ್ ಇರಲಿ, ಸ್ಕೋರು ಹತ್ತಿರ ಬಂದು ಗಡಿಯಾರ ಮುಗೀತಾ ಬಂದ ಕೂಡಲೇ ಯಾರೋ ಒಬ್ಬರು ಇದನ್ನ ಕೂಗ್ತಾರೆ. ಕೂಗಿದವರು ದೊಡ್ಡ ಮನಸ್ಸಿನವರ ಹಾಗೆ ಕಾಣ್ತಾರೆ. ಸುತ್ತ ಇದ್ದವರು ಹೌದು ಹೌದು ಅಂತಾರೆ. ಮೊದಲ ಕ್ವಾರ್ಟರ್‌ನಲ್ಲಿ ಮೊಣಕೈಗೆ ಕೈ ತಾಗಿದ್ರೂ ಊದುತ್ತಿದ್ದ ರೆಫರಿ, ಈಗ ಕಣ್ಣೆದುರೇ ಸೊಂಟ ಹಿಡಿದು ಎಳೆದ್ರೂ ಸುಮ್ಮನೆ ಓಡ್ತಿರ್ತಾರೆ.

ನನಗೆ ಈ ಮಾತಿನ ಮೇಲೇ ಸಿಟ್ಟು. ಇದು ಆಟದ ಪರವಾದ ಮಾತಲ್ಲ. ಕೈ ಹಾಕಿ ಎಳೆಯುವವನ ಪರವಾದ ಮಾತು.

ಸಂಜೆ ಏಳು ಗಂಟೆಗೆ ಹೆಬ್ಬಾಳ ಫ್ಲೈಓವರ್ ಕೆಳಗೆ ಟ್ರಾಫಿಕ್ ಪೊಲೀಸ್ ಇಲ್ಲ ಅಂತಿಟ್ಕೊಳ್ಳಿ. ಯಾರಿಗೂ ಕೈ ಅಡ್ಡ ಹಿಡಿಯಲಿಲ್ಲ, ಯಾರಿಗೂ ಫೈನ್ ಹಾಕಲಿಲ್ಲ, ಆದ್ದರಿಂದ ಎಲ್ಲರಿಗೂ ಸಮಾನ ನ್ಯಾಯ ಸಿಕ್ತು ಅಂತೀರಾ? ಮೊದಲು ನುಗ್ಗೋದು ವಾಟರ್ ಟ್ಯಾಂಕರು. ಆಮೇಲೆ ಬಸ್ಸು. ಆಮೇಲೆ ದೊಡ್ಡ ಕಾರು. ಮಗು ಎತ್ತಿಕೊಂಡು ರಸ್ತೆ ದಾಟಬೇಕಾದ ಹೆಂಗಸು ಅಲ್ಲೇ ನಿಂತಿರ್ತಾಳೆ. ಯಾರೂ ತೀರ್ಪು ಕೊಡದ ಜಾಗದಲ್ಲಿ ಮೈತೂಕವೇ ತೀರ್ಪು ಕೊಡುತ್ತೆ. ಕೋರ್ಟಿನಲ್ಲೂ ಅಷ್ಟೇ. ವಿಸಿಲ್ ಸುಮ್ಮನಾದ ಕ್ಷಣದಿಂದ ಆಟ ತೊಂಬತ್ತು ಕೆ.ಜಿ. ಇರುವವನದ್ದು.

"ಹಾಗಂತ ತಾಗಿದ್ದಕ್ಕೆಲ್ಲ ಊದೋಕಾಗುತ್ತಾ?" ಅಂತ ಕೇಳಬಹುದು. ಆಗಲ್ಲ, ಊದಲೂ ಬಾರದು. ಟಚ್ ಆದ್ರೆ ಫೌಲ್ ಅನ್ನೋದು ಗಲ್ಲಿ ಕಾನೂನು, ಫೀಬಾ ನಿಯಮ ಪುಸ್ತಕದ್ದಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗದಲ್ಲಿ ಹತ್ತು ಜನ ಜೋರಾಗಿ ಓಡುವಾಗ ಮೈಗೆ ಮೈ ತಾಗೇ ತಾಗುತ್ತೆ. ನಿಯಮ ಕೇಳೋದು ಬೇರೆ ಪ್ರಶ್ನೆ. ಪ್ರತಿ ಆಟಗಾರನ ಸುತ್ತ, ನಿಂತ ನೆಲದಿಂದ ನೇರ ಮೇಲಕ್ಕೆ, ಕಣ್ಣಿಗೆ ಕಾಣದ ಒಂದು ಸಿಲಿಂಡರ್ ಇದೆ ಅಂತ ಅದು ಹೇಳುತ್ತೆ. ಅದರೊಳಗೆ ಕೈ ಎತ್ತಿ ನೇರ ಮೇಲಕ್ಕೆ ಹಾರಿದ್ರೆ ಡಿಫೆಂಡರ್‌ದು ತಪ್ಪಿಲ್ಲ. ಎದುರಾಳಿ ಗಾಳಿಯಲ್ಲಿದ್ದಾಗ ಅವನು ಇಳಿಯುವ ದಾರಿಗೆ ಹೋಗಿ ನಿಂತ್ರೆ ತಪ್ಪು. ಮಿಕ್ಕಿದ್ದನ್ನ ರೆಫರಿ ತೂಗಿ ನೋಡಬೇಕು: ಈ ತಾಗಾಟದಿಂದ ಯಾರಿಗಾದರೂ ಸಲ್ಲದ ಲಾಭ ಆಯ್ತಾ? ಯಾರಿಗಾದರೂ ನಷ್ಟ ಆಯ್ತಾ?

ಅಂದ್ರೆ ಫೌಲ್ ಅನ್ನೋದು ಅಳತೆಪಟ್ಟಿ ಹಿಡಿದು ಅಳೆಯುವ ವಸ್ತುವಲ್ಲ, ಅರ್ಧ ಸೆಕೆಂಡಿನಲ್ಲಿ ಮಾಡುವ ವಿವೇಚನೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಲಾಭ ನಷ್ಟ ತೂಗಿ ಅನ್ನುವ ಅದೇ ನಿಯಮ, ಆ ತೂಗುವಿಕೆ ಏಕರೂಪವಾಗಿರಲಿ ಅಂತಲೂ ಹೇಳುತ್ತೆ. ಕೊನೆಯ ಎರಡು ನಿಮಿಷಕ್ಕೆ ಪುಸ್ತಕದಲ್ಲಿ ಬೇರೆ ಕೆಲವು ವಿಶೇಷ ನಿಯಮಗಳಿವೆ, ಟೈಮ್‌ಔಟ್ ವಿಚಾರದಲ್ಲಿ ಇರುವ ಹಾಗೆ. ಗೆಲುವು ಸೋಲು ಹತ್ತಿರ ಬಂತು, ಈಗ ತಕ್ಕಡಿ ಬದಲಾಯಿಸಿ ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಒಂದು ಫೌಲಿನ ಬೆಲೆ ಎಷ್ಟು? 2017ರ ಜುಲೈನಲ್ಲಿ ನಮ್ಮ ಬೆಂಗಳೂರಲ್ಲೇ ಫೀಬಾ ಮಹಿಳಾ ಏಷ್ಯಾ ಕಪ್ ನಡೀತು. ಡಿವಿಷನ್ 'ಬಿ' ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನ 75-73ರಲ್ಲಿ ಸೋಲಿಸಿ ಮೇಲಿನ ಡಿವಿಷನ್ನಿಗೆ ಏರಿದರು. ಅಂತರ ಎರಡೇ ಪಾಯಿಂಟ್. ಎರಡು ಪಾಯಿಂಟಿನ ಶಾಟ್ ಹೊಡೆಯುವಾಗ ಫೌಲಾಗಿ ಬಾಲ್ ಒಳಗೆ ಬೀಳದಿದ್ರೆ ಸಿಗೋದೂ ಎರಡೇ ಫ್ರೀ ಥ್ರೋ. ಇಷ್ಟು ಸಣ್ಣ ಅಂತರದಲ್ಲಿ ಎರಡು ದೇಶಗಳ ಮುಂದಿನ ವರ್ಷಗಳು ನಿರ್ಧಾರ ಆಗುವಾಗ, "ಈಗ ಊದೋದು ಬೇಡ ಬಿಡಿ" ಅನ್ನೋದು ತಟಸ್ಥ ನಿಲುವು ಆಗೋದು ಹೇಗೆ? ಎಳೆದವನಿಗೆ ಎರಡು ಪಾಯಿಂಟ್ ಉಳಿಸಿಕೊಟ್ಟ ಹಾಗೆ ತಾನೇ?

ಊದದ ವಿಸಿಲ್ ಎಷ್ಟು ದೊಡ್ಡ ತೀರ್ಪು ಆಗಬಹುದು ಅನ್ನೋದಕ್ಕೆ ಕಂಠೀರವದಲ್ಲೇ ಸಾಕ್ಷಿ ಇದೆ, ಬಾಸ್ಕೆಟ್‌ಬಾಲ್ ಬಿಟ್ಟು ಫುಟ್‌ಬಾಲ್‌ನಲ್ಲಿ. 2023ರ ಮಾರ್ಚ್ 3, ಐಎಸ್ಎಲ್ ನಾಕೌಟ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಒಂದು ಫ್ರೀ ಕಿಕ್. ಕೇರಳದವರು ಇನ್ನೂ ಗೋಡೆ ಕಟ್ಟಿ ನಿಲ್ಲೋ ಮೊದಲೇ ಸುನಿಲ್ ಛೆಟ್ರಿ ಬಾಲನ್ನ ಗೋಲಿಗೆ ಎತ್ತಿ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲ್ ಕೊಟ್ಟರು. ವಿಸಿಲ್‌ಗೆ ಕಾಯದೆ ಬೇಗ ಕಿಕ್ ಮಾಡಲು ಫುಟ್‌ಬಾಲ್ ನಿಯಮದಲ್ಲಿ ಅವಕಾಶ ಇದೆ. ವಿಸಿಲ್ ಆಗೋವರೆಗೆ ಕಾಯಬೇಕಿತ್ತು ಅಂತ ಕೇರಳದವರ ವಾದ. ತಂಡವನ್ನ ಕರೆದುಕೊಂಡು ಕೋಚ್ ಮೈದಾನದಿಂದ ಹೊರಟೇ ಹೋದರು. ಆಮೇಲೆ ಫುಟ್‌ಬಾಲ್ ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ. ಗಮನಿಸಿ, ಇಷ್ಟೆಲ್ಲ ಜಗಳ ಆಗಿದ್ದು ಊದಿದ ವಿಸಿಲ್‌ಗಲ್ಲ. ಆ ರಾತ್ರಿ "ರೆಫರಿ ಏನೂ ಮಾಡಲಿಲ್ಲ, ಆಟಗಾರರೇ ನಿರ್ಧಾರ ಮಾಡ್ಕೊಂಡ್ರು" ಅಂತ ಎರಡೂ ಕಡೆಯ ಒಬ್ಬ ಅಭಿಮಾನಿಯೂ ಹೇಳಿರಲಾರ.

ಬಾಸ್ಕೆಟ್‌ಬಾಲ್ ಜಗತ್ತು ಇದನ್ನ ಒಪ್ಪಿಕೊಂಡು ಹತ್ತು ವರ್ಷದ ಮೇಲಾಯ್ತು. 2015ರಿಂದ ಅಮೆರಿಕದ ಎನ್‌ಬಿಎ ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷದ ರೆಫರಿ ವರದಿಯನ್ನ ಸಾರ್ವಜನಿಕವಾಗಿ ಪ್ರಕಟಿಸುತ್ತೆ. ಅದರಲ್ಲಿ ತಪ್ಪು ಎರಡು ಥರ: ಊದಬಾರದ್ದಕ್ಕೆ ಊದಿದ್ದು, ಊದಬೇಕಾದ್ದಕ್ಕೆ ಊದದೆ ಬಿಟ್ಟಿದ್ದು. ಎರಡನ್ನೂ ಒಂದೇ ಪಟ್ಟಿಯಲ್ಲಿ ತಪ್ಪು ಅಂತಲೇ ಬರೀತಾರೆ. ಎನ್‌ಬಿಎ ನೋಡಿ ಜರ್ಸಿ ಕೊಂಡುಕೊಳ್ಳೋ ನಾವು, ಈ ಒಂದು ಪಾಠ ಮಾತ್ರ ಅಲ್ಲೇ ಬಿಟ್ಟುಬಂದಿದ್ದೀವಿ.

"ಊದ್ತಾ ಹೋದ್ರೆ ನಾಟಕ ಆಡೋರು ಗೆಲ್ತಾರೆ" ಅನ್ನೋದು ಇನ್ನೊಂದು ವಾದ. ಬೀಳೋದು, ಕಿರುಚೋದು, ಮುಖ ಹಿಡ್ಕೊಂಡು ಉರುಳೋದು, ಎಲ್ಲ ಇದೆ, ನಿಜ. ಅದಕ್ಕೂ ಪುಸ್ತಕದಲ್ಲಿ ಮದ್ದು ಇದೆ. ಸುಳ್ಳು ನಾಟಕಕ್ಕೆ ಟೆಕ್ನಿಕಲ್ ಫೌಲ್ ಕೊಡಬಹುದು, ಎದುರಾಳಿಗೆ ಒಂದು ಫ್ರೀ ಥ್ರೋ. ಅಂದ್ರೆ ನಾಟಕಕ್ಕೆ ಮದ್ದೂ ವಿಸಿಲ್ಲೇ. ಕಳ್ಳ ದೂರು ಕೊಡೋರು ಇದ್ದಾರೆ ಅಂತ ಪೊಲೀಸ್ ಸ್ಟೇಷನ್ನಿಗೆ ಬೀಗ ಹಾಕ್ತಾರಾ?

"ಕೊನೆಗೆ ಬೇಕಂತಲೇ ಫೌಲ್ ಮಾಡಿ ಗಡಿಯಾರ ನಿಲ್ಲಿಸ್ತಾರೆ, ಬೋರ್ ಆಗುತ್ತೆ" ಅಂತೀರಾ? ಬೋರ್ ಆದ್ರೆ ನಿಯಮ ತಿದ್ದಿ. ನಿಯಮ ಹಾಗೇ ಇಟ್ಟುಕೊಂಡು ರೆಫರಿಗೆ ಕಣ್ಣು ಮುಚ್ಚು ಅನ್ನೋದು ಯಾವ ಊರಿನ ನ್ಯಾಯ?

ಇದೆಲ್ಲ ಸಣ್ಣ ವಿಷಯ, ಭಾನುವಾರದ ಆಟ ತಾನೇ ಅನ್ನಿಸಬಹುದು. ಆದರೆ ಏಟು ಬೀಳೋದು ಯಾರಿಗೆ ನೋಡಿ. ಬಾಲ್ ಹಿಡಿದು ರಿಂಗ್ ಕಡೆ ನುಗ್ಗೋ ಐದೂವರೆ ಅಡಿಯ ಹುಡುಗನಿಗೆ. ಮಿಕ್ಸೆಡ್ ಟೀಮಿನಲ್ಲಿ ಆಡೋಕೆ ಬಂದ ಹುಡುಗಿಗೆ. ಎರಡು ಸಲ ಏಟು ತಿಂದು ವಿಸಿಲ್ ಆಗದೇ ಇದ್ರೆ ಮೂರನೇ ಸಲ ಅವರು ಒಳಗೆ ನುಗ್ಗಲ್ಲ. ತ್ರೀ ಪಾಯಿಂಟ್ ಗೆರೆಯ ಹೊರಗೇ ನಿಂತು ಪಾಸ್ ಕೊಡ್ತಾರೆ. ಮುಂದಿನ ತಿಂಗಳು ಬರೋದೇ ಇಲ್ಲ. ಆಮೇಲೆ ನಾವು "ಹುಡುಗಿಯರಿಗೆ ಇಂಟರೆಸ್ಟ್ ಕಮ್ಮಿ ಗುರೂ" ಅಂತ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಹಾಕ್ತೀವಿ. ಇಂಟರೆಸ್ಟ್ ಕಮ್ಮಿ ಆಗಿದ್ದಲ್ಲ, ನಾವೇ ಅವರನ್ನ ಹೊರಗೆ ತಳ್ಳಿದ್ದು.

ಹಾಗಾದ್ರೆ ತಪ್ಪೆಲ್ಲ ರೆಫರಿದಾ? ಅಲ್ಲ. ಟ್ರೋಫಿಗೆ, ಜರ್ಸಿಗೆ, ಡಿಜೆಗೆ ದುಡ್ಡು ತೆಗೆದಿಡೋ ನಾವು ರೆಫರಿಗೆ ಕೊಡೋವಾಗ ಮಾತ್ರ ಚೌಕಾಸಿ ಮಾಡ್ತೀವಿ. ಹತ್ತು ಜನ ಆಟಗಾರರು, ಬೆಂಚಿನವರು, ಸೈಡಲ್ಲಿ ನಿಂತ ಅಂಕಲ್‌ಗಳು ಎಲ್ಲ ಸೇರಿ ಒಬ್ಬರ ಮೇಲೆ ಕೂಗ್ತೀವಿ. ಅಷ್ಟು ಕೂಗಿಸ್ಕೊಂಡ ಮನುಷ್ಯ ಕೊನೆಯ ನಿಮಿಷದಲ್ಲಿ ಧೈರ್ಯವಾಗಿ ಊದಬೇಕು ಅಂದ್ರೆ ಹೇಗೆ? ಸುಮ್ಮನಿದ್ರೆ ಬೈಗುಳ ಕಮ್ಮಿ. ಊದಿದ್ರೆ ಪಾರ್ಕಿಂಗ್‌ವರೆಗೂ ಹಿಂದೆ ಬರ್ತಾರೆ. ಅವರ ಮೌನಕ್ಕೆ ಅರ್ಧ ಕಾರಣ ನಾವೇ.

ಬೈಗುಳದಿಂದ ವಿವೇಚನೆ ಸುಧಾರಿಸಲ್ಲ. ಲೆಕ್ಕ ಇಟ್ಟು ತೋರಿಸಿದ್ರೆ ಸುಧಾರಿಸುತ್ತೆ. ಜೋಸೆಫ್ ಪ್ರೈಸ್ ಮತ್ತು ಜಸ್ಟಿನ್ ವುಲ್ಫರ್ಸ್ ಅನ್ನೋ ಅರ್ಥಶಾಸ್ತ್ರಜ್ಞರು ಎನ್‌ಬಿಎ ಅಂಕಿಅಂಶ ಹಿಡಿದು, ರೆಫರಿಗಳು ಬೇರೆ ವರ್ಣದವರಾದಾಗ ಆಟಗಾರರ ಮೇಲೆ ಶೇ 4ರವರೆಗೂ ಹೆಚ್ಚು ಫೌಲ್ ಬೀಳುತ್ತೆ ಅಂತ ತೋರಿಸಿದರು. 2007ರಲ್ಲಿ ಇದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯ್ತು. ಡೆವಿನ್ ಪೋಪ್ ಜೊತೆ ಸೇರಿ ಅವರೇ ಮತ್ತೆ ಲೆಕ್ಕ ಹಾಕಿದಾಗ, ಸುದ್ದಿಯಾದ ನಂತರದ ವರ್ಷಗಳಲ್ಲಿ ಆ ಪಕ್ಷಪಾತ ಕಾಣಲಿಲ್ಲ.

ನಮ್ಮ ಕೈಲಿ ಆಗೋದು ಕಷ್ಟದ್ದೇನಲ್ಲ. ಆಟ ಶುರುವಾಗೋ ಮುಂಚೆ ರೆಫರಿ ಎರಡೂ ಟೀಮಿಗೆ ಹೇಳಲಿ: ಇಷ್ಟಕ್ಕೆ ಊದ್ತೀನಿ, ಇಷ್ಟಕ್ಕೆ ಊದಲ್ಲ, 40 ನಿಮಿಷವೂ ಇದೇ. ಪ್ರಶ್ನೆ ಇದ್ರೆ ಕ್ಯಾಪ್ಟನ್ ಒಬ್ಬರೇ, ಗಡಿಯಾರ ನಿಂತಿರುವಾಗ, ಮರ್ಯಾದೆಯಿಂದ ಕೇಳಲಿ. ನಿಯಮದಲ್ಲಿರೋದೂ ಅದೇ. ಕೊನೆಯ ಎರಡು ನಿಮಿಷದ ವಿಡಿಯೊ ಯಾರದ್ದಾದರೂ ಫೋನಿನಲ್ಲಿ ಇದ್ದೇ ಇರುತ್ತೆ. ಆಟ ಮುಗಿದ ಮೇಲೆ ಚಾ ಕುಡೀತಾ ರೆಫರಿ ಜೊತೆ ಕೂತು ನೋಡಿ. ಊದಿದ್ದನ್ನ ಎಣಿಸೋ ಹಾಗೆ ಊದದ್ದನ್ನೂ ಎಣಿಸಿ. ಅವರಿಗೆ ಡಿಜೆಗಿಂತ ಒಂದು ರೂಪಾಯಿ ಜಾಸ್ತಿ ಕೊಡಿ.

ಮುಂದಿನ ಸಲ ಸೈಡಲ್ಲಿ ಯಾರಾದ್ರೂ "ಆಡೋರನ್ನ ಆಡೋಕೆ ಬಿಡಿ" ಅಂತ ಕೂಗಿದ್ರೆ, ಒಂದೇ ಮಾತು ಕೇಳಿ: "ಯಾರನ್ನ ಸಾರ್? ಎಳೆಯೋರನ್ನೋ, ಎಳೆಸ್ಕೊಳ್ಳೋರನ್ನೋ?"