ಕೊಂಡಿ ಎಲ್ಲೈತಿ ತೋರಸ್ರಿ

ಹೋದ ದೀಪಾವಳಿಗೆ ಊರಿಗೆ ಹೋದಾಗ ಮನೆಮಂದಿಯೆಲ್ಲ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಡಬ್ಬಿಂಗ್ ಸಿನಿಮಾ ನೋಡಿದೆವು. ಟೈಮ್ ಮಷಿನ್ ಕಥೆ. ನಾಯಕ ಹಿಂದಿನ ಕಾಲಕ್ಕೆ ಹೋಗಿ ವಿಲನ್‌ನ ಅಪ್ಪ-ಅವ್ವನ ಮದುವೆಯನ್ನೇ ತಪ್ಪಿಸಿಬಿಡುತ್ತಾನೆ. ಎಲ್ಲರೂ ಚಪ್ಪಾಳೆ. ನಮ್ಮವ್ವ ಮಾತ್ರ ಹುಬ್ಬು ಗಂಟಿಕ್ಕಿ ಕೇಳಿದಳು: "ಮದುವಿನ ಆಗಲಿಲ್ಲಂದ್ರ ಆ ಕಳ್ಳ ಹುಟ್ಟಂಗಿಲ್ಲ. ಅಂವ ಹುಟ್ಟಲಿಲ್ಲಂದ್ರ ಇಂವಗ ತ್ರಾಸ ಕೊಟ್ಟವರ್ಯಾರು? ತ್ರಾಸ ಇಲ್ದ ಇಂವ ಅಲ್ಲಿಗೆ ಯಾಕ ಹೋದ?"

ಕಾಕಾನ ಮಗ ನಕ್ಕುಬಿಟ್ಟ. "ದೊಡ್ಡವ್ವ, ಸಿನಿಮಾದಾಗ ಲಾಜಿಕ್ ಹುಡುಕಬಾರ್ದು. ಸುಮ್ನ ನೋಡ್ ಬೇ."

ನನ್ನ ಜಗಳ ಈ "ಸುಮ್ನ ನೋಡ್" ಅನ್ನೋ ಮಾತಿನ ಜೊತೆ. ಕಾಲಪ್ರಯಾಣ ಸುಳ್ಳು ಅಂತ ಅವ್ವಗೂ ಗೊತ್ತು. ಮಷಿನ್ ಹೆಂಗ ಓಡತೈತಿ ಅಂತ ಆಕೆ ಕೇಳಲೇ ಇಲ್ಲ. ಒಂದು ಸುಳ್ಳನ್ನು ಒಪ್ಪಿಕೊಂಡೇ ನೋಡಲು ಕೂತಿದ್ದಳು. ಎರಡನೇ ಸುಳ್ಳು ಮೊದಲನೇದಕ್ಕೇ ಹೊಂದುತ್ತಿಲ್ಲ ಅಂತ ಕೇಳಿದಳು, ಅಷ್ಟೇ. ಅದಕ್ಕೆ ಉತ್ತರ ಕೊಡೋದು ಸಿನಿಮಾ ಮಾಡಿದವನ ಕರ್ತವ್ಯ.

ಉತ್ತರ ಇಲ್ಲವೇ ಅಂದರೆ, ಇದೆ. ಒಂದಲ್ಲ, ಮೂರು. ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಅವನ ಶಾಸನ ಇವತ್ತಿಗೂ ಬಾದಾಮಿಯ ಬಂಡೆಯ ಮೇಲಿದೆ. ಅದನ್ನು ನೋಡಿ ನಿಮಗೆ ಹೊಟ್ಟೆ ಉರಿದು, ಟೈಮ್ ಮಷಿನ್ ಹತ್ತಿ, ಇಮ್ಮಡಿ ಪುಲಕೇಶಿಗೆ ಮೊದಲೇ ಸುದ್ದಿ ಮುಟ್ಟಿಸಿದಿರಿ ಅಂತಿಟ್ಟುಕೊಳ್ಳಿ. ಪಲ್ಲವರು ಸೋತರು. ಸೋತವನು ಬಾದಾಮಿಯಲ್ಲಿ ಶಾಸನ ಕೆತ್ತಿಸಲಿಲ್ಲ. ಹಾಗಾದರೆ ನೀವು ನೋಡಿದ್ದು ಏನನ್ನು? ಹೊರಟಿದ್ದು ಯಾಕೆ? ಇಂಗ್ಲಿಷಿನವರು ಗ್ರ್ಯಾಂಡ್‌ಫಾದರ್ ಪ್ಯಾರಡಾಕ್ಸ್ ಅನ್ನೋದು ಇದಕ್ಕೇ. ನಮ್ಮವ್ವ ಕೇಳಿದ್ದೂ ಇದನ್ನೇ.

ಮೊದಲನೇ ಉತ್ತರ: ಕಾಲ ಅಂದರೆ ಬಂಡೆ. ಆಗಿದ್ದು ಆಗಿಹೋಗಿದೆ, ನೀವು ಹೋದದ್ದೂ ಅದರಲ್ಲೇ ಸೇರಿದೆ. ನೀವು ಕೊಟ್ಟ ಸುದ್ದಿ ನಂಬಿ ಪುಲಕೇಶಿ ದಂಡನ್ನು ತಪ್ಪು ದಿಕ್ಕಿಗೆ ಕಳಿಸಿದ, ಅದಕ್ಕೇ ಸೋತ! ಇಗೋರ್ ನೊವಿಕೋವ್ ಎಂಬ ರಷ್ಯಾದ ಭೌತವಿಜ್ಞಾನಿ ಹೇಳಿದ ಸ್ವಸಂಗತಿಯ ತತ್ವ ಇದು. 1995ರ 'ಟ್ವೆಲ್ವ್ ಮಂಕೀಸ್' ಹೀಗೇ ನಡೆಯುತ್ತದೆ. ಟೈಮ್ ಮಷಿನ್ ಇಲ್ಲದೆಯೂ ಈ ಹೆಣಿಗೆ ನಮಗೆ ಹೊಸದಲ್ಲ. ಭವಿಷ್ಯ ತಪ್ಪಿಸಲು ಕಂಸ ಮಾಡಿದ ಒಂದೊಂದು ಕೆಲಸವೂ ಕೃಷ್ಣನನ್ನು ಗೋಕುಲಕ್ಕೆ ಮುಟ್ಟಿಸಿತು.

ಎರಡನೇದು: ಕಾಲ ಅಂದರೆ ಪಾಟಿ. ಅಳಿಸಿ ಬರೆಯಬಹುದು, ಆದರೆ ದಂಡ ಕಟ್ಟಬೇಕು. 1985ರ 'ಬ್ಯಾಕ್ ಟು ದ ಫ್ಯೂಚರ್'ನಲ್ಲಿ ಅಪ್ಪ-ಅವ್ವನ ಪ್ರೀತಿಗೆ ಅಡ್ಡ ಬಂದ ಹುಡುಗ, ತನ್ನ ಕೈಯಲ್ಲಿರುವ ಫೋಟೋದಿಂದ ಅಣ್ಣ, ಅಕ್ಕ ಮಾಯವಾಗೋದನ್ನು ಕಣ್ಣಾರೆ ನೋಡುತ್ತಾನೆ. 2015ರ ತಮಿಳು 'ಇಂದ್ರು ನೇಟ್ರು ನಾಳೈ'ನಲ್ಲಿ ಹುಡುಗರ ಸಣ್ಣದೊಂದು ಕೈವಾಡದಿಂದ ಸಾಯಬೇಕಾದ ರೌಡಿ ಬದುಕಿಬಿಡುತ್ತಾನೆ. ಮುಂದಿನ ಸಿನಿಮಾವೆಲ್ಲ ಆ ಸಾಲ ತೀರಿಸೋದೇ.

ಮೂರನೇದು: ಕಾಲ ಅಂದರೆ ಗಿಡ. ನೀವು ಹಿಂದಕ್ಕೆ ಹೋಗಿ ಏನೇ ಮಾಡಿದರೂ ಹೊಸ ಟೊಂಗೆ ಒಡೆಯುತ್ತದೆ, ಹಳೇ ಟೊಂಗೆಗೆ ಏನೂ ಆಗೋದಿಲ್ಲ. ಆ ಟೊಂಗೆಯಲ್ಲಿ ಪುಲಕೇಶಿ ಗೆದ್ದ, ಈ ಟೊಂಗೆಯಲ್ಲಿ ಶಾಸನ ಹಾಗೇ ಇದೆ. ನಾವು ಸಾಫ್ಟ್‌ವೇರಿನವರು ದಿನಾ ಬ್ರಾಂಚ್ ಮಾಡೋದು ಹೀಗೇ.

ಮೂರರಲ್ಲಿ ಯಾವುದನ್ನಾದರೂ ಹಿಡೀರಿ, ನನ್ನ ತಕರಾರಿಲ್ಲ. ತಕರಾರು ಇರೋದು ಇಂಟರ್‌ವಲ್‌ವರೆಗೆ ಬಂಡೆ, ಆಮೇಲೆ ಪಾಟಿ, ಕ್ಲೈಮ್ಯಾಕ್ಸಿಗೆ ಗಿಡ ಅನ್ನುವವರ ಬಗ್ಗೆ. ಇದು ದೊಡ್ಡವರಿಗೂ ಅಂಟಿದ ರೋಗ. 2019ರ 'ಅವೆಂಜರ್ಸ್: ಎಂಡ್‌ಗೇಮ್' ನೆನಪಿಸಿಕೊಳ್ಳಿ. ಹಿಂದಕ್ಕೆ ಹೋಗಿ ಏನು ಮಾಡಿದರೂ ನಮ್ಮ ಇವತ್ತು ಬದಲಾಗದು ಅಂತ ಪಾತ್ರಗಳೇ ಪಾಠ ಹೇಳುತ್ತವೆ. ಕೊನೆಗೆ ಹಳೇ ಕಾಲದಲ್ಲೇ ಬಾಳಿ ಮುದುಕನಾದ ಕ್ಯಾಪ್ಟನ್ ಅಮೆರಿಕ ಇದೇ ಲೋಕದ ಬೆಂಚಿನ ಮೇಲೆ ಕೂತಿರುತ್ತಾನೆ! ಅವನು ಬಾಳಿದ್ದು ಬೇರೆ ಟೊಂಗೆಯಲ್ಲಿ ಅಂತ ನಿರ್ದೇಶಕರು, ಇಲ್ಲ, ಇದೇ ಲೋಕದಲ್ಲಿ ಅಂತ ಕಥೆ ಬರೆದವರು. ಮಾಡಿದವರಿಗೇ ಗೊತ್ತಿಲ್ಲದ ಲೆಕ್ಕವನ್ನು ನೋಡುವವರು ಯೂಟ್ಯೂಬಿನಲ್ಲಿ ಕೂತು ಸರಿಮಾಡಬೇಕು. ಎಂಥಾ ಬಿಟ್ಟಿ ಚಾಕರಿ!

ಇಲ್ಲಿ ಒಬ್ಬರು ಎದ್ದು, "ಕಾಲಪ್ರಯಾಣ ನಮ್ಮ ಪುರಾಣದಾಗ ಮೊದಲ ಇತ್ತು" ಅಂತಾರೆ. ರೇವತಿಯ ಕಥೆ ತೆಗೀತಾರೆ. ಸರಿ, ಅದನ್ನೇ ನೋಡೋಣ. ಮಗಳಿಗೆ ವರ ಕೇಳಲು ಕಕುದ್ಮಿ ರಾಜ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ಮುಗಿಯುವ ತನಕ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದಿರುತ್ತವೆ. ಇದು ಮುಂದಕ್ಕೆ ಮಾತ್ರ ಹೋಗುವ ದಾರಿ, ಹಿಂದಕ್ಕೆ ಬರೋದಿಲ್ಲ. 2014ರ 'ಇಂಟರ್‌ಸ್ಟೆಲ್ಲರ್'ನಲ್ಲಿ ಒಂದು ಗ್ರಹದ ಮೇಲಿನ ಒಂದು ತಾಸು ಭೂಮಿಯ 7 ವರ್ಷ ಆದಂಗೆ. ಹಾಗಾಗಿ ಇದರಲ್ಲಿ ಪ್ಯಾರಡಾಕ್ಸೇ ಇಲ್ಲ. ವಿಜ್ಞಾನ ನಮ್ಮಲ್ಲೇ ಹುಟ್ಟಿತು ಅಂತ ಎದೆ ತಟ್ಟಿಕೊಳ್ಳಲು ಇದು ಸಾಕ್ಷಿಯಲ್ಲ. ಆದರೆ ಕಲಿಯೋದು ಒಂದಿದೆ. ಹಳೇ ಯುಗದ ರೇವತಿ ಹೊಸ ಯುಗದ ಬಲರಾಮನಿಗಿಂತ ಬಹಳ ಎತ್ತರ ಇದ್ದಳು, ಬಲರಾಮ ನೇಗಿಲಿನಿಂದ ಜಗ್ಗಿ ಗಿಡ್ಡ ಮಾಡಿಕೊಂಡ ಅಂತಾರೆ. ಅಂದರೆ ಆ ಕಥೆಗಾರ ಯುಗ ಜಿಗಿಸಿದ ಮೇಲೆ ಏನೇನು ಹೆಚ್ಚುಕಡಿಮೆ ಆದೀತು ಅಂತ ಲೆಕ್ಕ ಹಾಕಿದ್ದ. ಕೇಳುವವರು ಕೇಳ್ತಾರೆ ಅನ್ನೋ ಭಯ ಅವನಿಗಿತ್ತು.

ಐಹೊಳೆಯ ರವಿಕೀರ್ತಿಗೂ ಇತ್ತು. ಮೇಗುತಿ ಗುಡಿಯ ಶಾಸನದಲ್ಲಿ ಅವನು ಭಾರತ ಯುದ್ಧದಿಂದ 3735 ವರ್ಷ ಅಂತಲೂ, ಶಕ 556 ಅಂತಲೂ ಎರಡು ಲೆಕ್ಕ ಕೊಟ್ಟ. ಎರಡನ್ನೂ ಬೇರೆ ಬೇರೆ ಕಳೆದು ನೋಡಿ, ಎರಡೂ ಬಂದು ನಿಲ್ಲೋದು 634ಕ್ಕೇ. ಹುನಗುಂದ ತಾಲೂಕಿನ ಗುಡ್ಡದ ಮೇಲೆ ಕೂತು ಎರಡು ಟೈಮ್‌ಲೈನ್ ಹೊಂದಿಸಿದವನು ಅವನು.

ಇನ್ನು ಕೊನೆಯ ನೆಪ, ನನಗೆ ಮೈಯೆಲ್ಲ ಉರಿಯೋದು ಇದಕ್ಕೇ: "ಹಳ್ಳಿ ಮಂದಿಗೆ ಇದೆಲ್ಲ ತಿಳಿಯಂಗಿಲ್ರಿ, ಮಾಸ್‌ಗೆ ಸರಳ ಬೇಕು." ನೀವು ಕೊಡ್ತಿರೋದು ಸರಳ ಅಲ್ಲ, ಗೋಜಲು. ಕಷ್ಟದ ಕಥೆ ಬೇರೆ, ಗೋಜಲಿನ ಕಥೆ ಬೇರೆ. 2004ರ 'ಪ್ರೈಮರ್' ಬಹಳ ಕಷ್ಟ. ಮೊದಲು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದ ಶೇನ್ ಕ್ಯಾರುತ್ ಸುಮಾರು 7,000 ಡಾಲರಿನಲ್ಲಿ ತೆಗೆದದ್ದು. ನಾಲ್ಕು ಸಲ ನೋಡಿದೆ, ಪ್ರತಿ ಸಲವೂ ಒಂದೊಂದು ಗಂಟು ಬಿಚ್ಚಿತು. ನಮ್ಮಲ್ಲೂ 2024ರಲ್ಲಿ ಶ್ರೀನಿಧಿ ಬೆಂಗಳೂರು 'ಬ್ಲಿಂಕ್' ಮಾಡಿದರು. ಕಣ್ಣ ರೆಪ್ಪೆ ಬಡಿಯೋದಕ್ಕೂ ಕಾಲಕ್ಕೂ ಒಂದು ನಂಟು ಹಾಕಿಕೊಂಡು ಕಥೆ ಕಟ್ಟಿದರು. ಗ್ರಾಫಿಕ್ಸಿಗೆ ಕೋಟಿ ಸುರಿಯೋದಕ್ಕಿಂತ ಮೊದಲು ಇಂಥದ್ದೊಂದು ನಿಯಮ ಬೇಕು. ಅದಕ್ಕೆ ರೊಕ್ಕ ಹತ್ತಂಗಿಲ್ಲ.

ನಮ್ಮವ್ವ ಇಳಕಲ್‌ನಲ್ಲಿ ಮಗ್ಗದ ಮನೆಯಲ್ಲಿ ಬೆಳೆದಾಕಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸ್ತಾರೆ. ಒಡಲು ಹತ್ತಿಯದಿದ್ದು ಸೆರಗು ರೇಷ್ಮೆಯದಾಗೋದು ಆ ಕೊಂಡಿಯಿಂದ. ಅವತ್ತು ರಾತ್ರಿ ಈ ಬಂಡೆ, ಪಾಟಿ, ಗಿಡದ ಮಾತನ್ನೆಲ್ಲ ಅವ್ವನಿಗೆ ಹೇಳಿದೆ. ಪೂರಾ ಕೇಳಿ ಅಂದಳು: "ಒಡಲು ಒಂದು ಬಣ್ಣ, ಸೆರಗು ಒಂದು ಬಣ್ಣ ಇರ್ಲಿ, ಬ್ಯಾಡ ಅಂದವರ್ಯಾರು? ನಡುವ ಕೊಂಡಿ ಎಲ್ಲೈತಿ ತೋರಸ್ರಿ ಅಂದೆ."

ಕಾಲಪ್ರಯಾಣದ ಸಿನಿಮಾ ತೆಗೆಯುವ ಮಹನೀಯರೇ, ಕ್ಯಾಮೆರಾ ಎತ್ತುವ ಮೊದಲು ನಮ್ಮ ಮನಿಗೆ ಬರ್ರಿ. ಅವ್ವನ ಮುಂದೆ ಕೂತು ಕಥೆ ಹೇಳ್ರಿ. ಆಕಿ ಹುಬ್ಬು ಗಂಟಿಕ್ಕಿದರೆ ಮತ್ತೊಮ್ಮೆ ಬರೀರಿ.