ಹೊಳೆಗೆ ದೋಣಿ ಬಿಡೋ ಮುಂಚೆ

ಗೋವಾಕ್ಕೆ ಹೋಗಿ ಬಂದ ನಮ್ಮೂರ ಜನ ಎರಡು ಸುದ್ದಿ ತರ್ತಾರೆ. ಒಂದು, ಅಲ್ಲಿಯ ಊಟದ ರೇಟು. ಇನ್ನೊಂದು, ಪಣಜಿಯ ಮಾಂಡೋವಿ ಹೊಳೆಯಲ್ಲಿ ಸಂಜೆ ಬೋಟಿನ ಮೇಲೆ ಕೂತು, ಹಾಡು ಕುಣಿತದ ನಡುವೆ ಊರಿನ ದೀಪ ನೋಡಿಕೊಂಡು ಬಂದದ್ದು. ಹೇಳಿ ಮುಗಿಸೋ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ: "ನಮ್ಮಲ್ಲೇನು ಹೊಳೆ ಇಲ್ವೇನ್ರಿ?"

ಇದೆ. ದಾವಣಗೆರೆಗೆ ಇಲ್ಲ, 14 ಕಿಲೋಮೀಟರ್ ಆಚೆ ಹರಿಹರಕ್ಕಿದೆ. ಕುಂದವಾಡ ಕೆರೆ ಇಲ್ವಾ ಅಂತ ಕೆಲವರು ಕೇಳಬಹುದು. ಅದು ಕುಡಿಯೋ ನೀರಿನ ಕೆರೆ, ಅದರಲ್ಲಿ ಎಂಜಿನ್ ಬೋಟು ಓಡಿಸೋ ಮಾತೇ ಬೇಡ. ದೋಣಿ ಅಂದ್ರೆ ಹರಿಹರವೇ ಸರಿ.

ನೋಡೋದಕ್ಕೂ ಅಲ್ಲಿ ಬೇಕಾದಷ್ಟಿದೆ. ಈ ದಂಡೆಗೆ ಹರಿಹರೇಶ್ವರನ ಊರು. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಹೊಳೆಗೆ ಅಡ್ಡಲಾಗಿ ಕಮಾನಿನ ಹಳೇ ಸೇತುವೆ. 1868ರಲ್ಲಿ ಮುಗಿಯಿತು ಅಂತ ಹಳೇ ಗೆಜೆಟಿಯರ್ ಹೇಳುತ್ತೆ. ರೈಲು ಸೇತುವೆ ಬೇರೆ. ಆಚೆ ದಂಡೆ 1956ರವರೆಗೂ ಮುಂಬಯಿ ಸೀಮೆ, ಈಚೆ ದಂಡೆ ಮೈಸೂರು. ಈಗ ಆಚೆ ಕುಮಾರಪಟ್ಟಣದ ಕಾರ್ಖಾನೆ ಚಿಮಣಿ ಕಾಣ್ತವೆ. 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತುಂಗಭದ್ರಾ ಆರತಿಗಂತ ಇದೇ ದಂಡೆ ಮೇಲೆ 108 ಮಂಟಪಗಳಿಗೆ ಶಂಕುಸ್ಥಾಪನೆ ಮಾಡಿದರು. ಆರತಿ ನೋಡೋಕೆ ಜನ ಸೇರಿದರೆ ದೋಣಿಯವನೂ ಬಂದೇ ಬರ್ತಾನೆ. ಅದಕ್ಕೇ ಈ ಮಾತು ಈಗಲೇ.

ದೋಣಿಗೆ ಮೊದಲು ಬೇಕಾದ್ದು ನೀರು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಉಕ್ಕಡಗಾತ್ರಿಯ ಸ್ನಾನಘಟ್ಟವೇ ಮುಳುಗುತ್ತೆ, ಆ ನೀರಿಗೆ ಯಾರೂ ಇಳಿಯಬಾರದು. ಬೇಸಿಗೆಯಲ್ಲಿ ಇದೇ ಹೊಳೆ ಸೊರಗಿ ಗುಂಡಿ ಗುಂಡಿ ನಿಲ್ಲುತ್ತೆ. ರಾಜನಹಳ್ಳಿ ಹತ್ತಿರ ಮರಳಿನ ಚೀಲ ಒಡ್ಡಿ ದಾವಣಗೆರೆಗೆ ಕುಡಿಯೋ ನೀರು ತಿರುಗಿಸಿದ ಬೇಸಿಗೆಗಳನ್ನು ಮರೆತಿಲ್ಲ ತಾನೆ? ಮರಳು ತೆಗೆದ ಕಡೆ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತೆ, ಮೇಲಿಂದ ಗೊತ್ತೇ ಆಗಲ್ಲ. ಹಾಗಾಗಿ ಮಳೆ ಇಳಿದ ಮೇಲಿನ ಕೆಲವೇ ತಿಂಗಳು ದೋಣಿಗೆ ಸರಿ. ವರ್ಷಪೂರ್ತಿ ಓಡಿಸ್ತೀವಿ ಅಂತ ಟೆಂಡರ್ ಹಾಕೋರು ಬಂದರೆ ಅವರಿಗೆ ಹೊಳೆ ಗೊತ್ತಿಲ್ಲ ಅಂತಲೇ ಅರ್ಥ.

ಎರಡನೇದು ಜೀವ. ಕೇರಳದ ತಾನೂರಿನಲ್ಲಿ 2023ರ ಮೇ 7, ಭಾನುವಾರ ಸಂಜೆ ಇಂಥದೇ ಒಂದು ವಿಹಾರದ ಬೋಟು ಮುಳುಗಿ 22 ಜನ ಸತ್ತರು. ಎಷ್ಟೋ ಜನ ಮಕ್ಕಳು. ಮೀನು ಹಿಡಿಯೋ ದೋಣಿಯನ್ನೇ ತಿದ್ದಿ ಬೋಟು ಮಾಡಿದ್ದರು, ಹಿಡಿಸೋದಕ್ಕಿಂತ ಹೆಚ್ಚು ಜನ ತುಂಬಿದ್ದರು. ನಮ್ಮ ಕಾರವಾರದಲ್ಲೂ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಬರ್ತಿದ್ದ ದೋಣಿ ಮಗುಚಿ 16 ಜನ ಹೋದರು. ನಮ್ಮ ಬಸ್ಸಿನಲ್ಲಿ "ಇನ್ನೊಬ್ರು ಹತ್ತಿ, ಮುಂದೆ ಸರೀರಿ" ಅನ್ನೋ ಅಭ್ಯಾಸ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಅದಕ್ಕೆ ಬೆಲೆ ಅಂದ್ರೆ ಕಾಲು ತುಳಿಸಿಕೊಳ್ಳೋದು. ಹೊಳೆಯಲ್ಲಿ ಹಾಗಲ್ಲ.

ಕಾನೂನು ಇಲ್ಲ ಅನ್ನೋ ಹಾಗಿಲ್ಲ. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಎಂಜಿನ್ ಬೋಟಿಗೆ ನೋಂದಣಿ, ತಪಾಸಣೆ, ವಿಮೆ ಎಲ್ಲ ಬೇಕು. ಅದರ ಮೇಲೆ ನಮ್ಮ ಬೇಡಿಕೆ ಇಷ್ಟು: ಎಷ್ಟು ಜನ ಅಂತ ದೋಣಿ ಮೈಮೇಲೇ ದಪ್ಪ ಅಕ್ಷರದಲ್ಲಿ ಬರೆಸಲಿ, ಜಾಕೆಟ್ ಹಾಕದವರಿಗೆ ಟಿಕೆಟ್ ಬೇಡ, ಹೊತ್ತು ಮುಳುಗೋದರೊಳಗೆ ಕೊನೇ ದೋಣಿ ದಂಡೆಗೆ ಬರಲಿ. ದೀಪ ನೋಡೋ ಆಸೆಗೆ ದಂಡೆ ಮೇಲಿನ ಕಟ್ಟೆ ಇದೆ, ಮಂಡಕ್ಕಿ ಮಿರ್ಚಿ ತಿನ್ನೋದಕ್ಕೂ ಅದೇ ಅನುಕೂಲ.

ಹುಟ್ಟು ಯಾರ ಕೈಗೆ? ಬೆಂಗಳೂರಿನ ಗುತ್ತಿಗೆದಾರನ ಕೈಗಲ್ಲ. ಅಂಬಿಗರ ಚೌಡಯ್ಯ ಐಕ್ಯನಾದ ಚೌಡದಾನಪುರ ಇದೇ ಹೊಳೆ ದಂಡೆಯಲ್ಲಿ, ಇಲ್ಲಿಂದ ಕೆಳಗೆ ಇದೆ. ಈ ಸುಳಿ, ಈ ಗುಂಡಿ ಬಲ್ಲ ಅಂಬಿಗರ, ಮೀನುಗಾರರ ಮನೆಗಳು ಎರಡೂ ದಂಡೆಯ ಊರುಗಳಲ್ಲಿವೆ. ಅವರ ಹುಡುಗರಿಗೆ ತರಬೇತಿ ಕೊಟ್ಟು, ಸಹಕಾರ ಸಂಘ ಮಾಡಿ ಕೊಟ್ಟರೆ ದುಡ್ಡೂ ಇಲ್ಲೇ ಉಳಿಯುತ್ತೆ.

ಇನ್ನು ನೀರಿನ ವಾಸನೆ. 1984ರಲ್ಲಿ ಈ ಹೊಳೆಯಲ್ಲಿ ಮೀನು ರಾಶಿರಾಶಿ ಸತ್ತು, ಕಾರ್ಖಾನೆ ಕೊಳಕಿನ ವಿರುದ್ಧ ದೊಡ್ಡ ಹೋರಾಟವೇ ನಡೆಯಿತು. ಊರಿನ ಚರಂಡಿ ನೀರು ಹೊಳೆ ಸೇರೋ ದೂರೂ ಹಳೇದೇ. ದುಡ್ಡು ಕೊಟ್ಟು ದೋಣಿ ಹತ್ತಿದವರು ಮೂಗು ಮುಚ್ಚಿಕೊಂಡು ಕೂರಬೇಕಾದರೆ ಎರಡನೇ ಸಲ ಯಾರು ಬರ್ತಾರೆ? ನಗರಸಭೆಯವರು ಕಟ್ಟೆಗೆ ಬಣ್ಣ ಬಳಿಯೋ ಮುಂಚೆ ಚರಂಡಿ ತಿರುಗಿಸಲಿ.

ಒಂದು ತಕರಾರು ಇನ್ನೂ ಯಾರ ತಲೆಗೂ ಹೊಳೆದಂತಿಲ್ಲ. ಈ ಹೊಳೆಯೇ ಜಿಲ್ಲೆಯ ಗಡಿ: ಈಚೆ ದಾವಣಗೆರೆ, ಆಚೆ ಹಾವೇರಿ. ದೋಣಿ ನಡುನೀರಿನಲ್ಲಿ ಕೆಟ್ಟು ನಿಂತರೆ ಯಾವ ಠಾಣೆಗೆ ಫೋನ್ ಮಾಡಬೇಕು? "ನಮ್ಮ ಲಿಮಿಟ್ ಅಲ್ಲ" ಅನ್ನೋ ಉತ್ತರ ನಾವು ರಸ್ತೆ ಮೇಲೇ ಕೇಳಿದ್ದೇವೆ. ಎರಡೂ ಜಿಲ್ಲಾಧಿಕಾರಿಗಳು ಒಂದು ದಿನ ಹರಿಹರದಲ್ಲಿ ಕೂತು ಇದನ್ನು ಬರವಣಿಗೆಯಲ್ಲಿ ತೀರ್ಮಾನ ಮಾಡಲಿ. ಟಿಕೆಟ್ ಪುಸ್ತಕ ಆಮೇಲೆ ಅಚ್ಚಾಗಲಿ.