ಕಟ್ಟೆ ಕಟ್ಟೋ ಮುಂಚೆ ಬೇರು ನೋಡಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಟೀಮ್ ಒಂದು ಡಿಸೈನ್ ಸ್ಪರ್ಧೆಗೆ ಪ್ಲಾನ್ ಕೊಟ್ಟಿತ್ತು. ಕ್ಯಾಂಟೀನ್ ಹಿಂದಿನ ಮಳೆಮರದ ಸುತ್ತ 50 ಜನ ಕೂರೋ ಕಾಂಕ್ರೀಟ್ ಕಟ್ಟೆ. ಆಟೋಕ್ಯಾಡ್‌ನಲ್ಲಿ ಮರ ಅಂದ್ರೆ ಒಂದು ವೃತ್ತ ಅಷ್ಟೇ. ಕಾಂಡದಿಂದ ಒಂದೂವರೆ ಮೀಟರ್ ಬಿಟ್ಟು ಸುತ್ತ ಗೋಡೆ ಎಳೆದ್ವಿ. ಮರ ಕಡಿದಿಲ್ಲ ಅಂತ ಹೆಮ್ಮೆ ಬೇರೆ!

ಆ ಪ್ರಿಂಟ್ ನೋಡಿದ ನಮ್ಮ ಕ್ಯಾಂಪಸ್ ಮಾಲಿ ಕೇಳಿದ್ದು ಒಂದೇ ಪ್ರಶ್ನೆ: "ಇದು ನೀರು ಎಲ್ಲಿಂದ ಕುಡಿಯುತ್ತೆ?"

ಬೇರು ನೇರವಾಗಿ ಆಳಕ್ಕೆ ಇಳಿದಿರುತ್ತೆ ಅಂತ ನಾನು ನಂಬಿದ್ದೆ. ಹಾಗಲ್ಲ. ದೊಡ್ಡ ಮರದ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಲ್ಲೇ ಇರುತ್ತವೆ, ಕೊಂಬೆಗಳ ನೆರಳು ದಾಟಿಯೂ ಹರಡುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಬ್ರಿಟನ್ನಿನ ಬಿಎಸ್ 5837 ಸ್ಟ್ಯಾಂಡರ್ಡ್‌ನಲ್ಲಿ ಒಂದು ಸುಲಭ ಲೆಕ್ಕ ಇದೆ: ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಬೇರನ್ನು ಕಾಪಾಡಬೇಕು. ನಮ್ಮ ಮರದ ಕಾಂಡ 90 ಸೆಂ.ಮೀ. ಅಂದ್ರೆ 10.8 ಮೀಟರ್. ನಾವು ಬಿಟ್ಟಿದ್ದು ಒಂದೂವರೆ! ಸುತ್ತಲೂ ಮೂರು ಅಡಿ ಟ್ರೆಂಚ್ ತೋಡಿದ್ರೆ ಬೇರೆಲ್ಲ ಕಟ್. ಮರ ಅವತ್ತೇ ಸಾಯಲ್ಲ. ನಾವು ಪಾಸಾಗಿ ಹೋದ್ಮೇಲೆ ಯಾವುದೋ ಗಾಳಿಮಳೆಗೆ ಬೀಳಬಹುದು. ಆಗ ಕೆಳಗೆ ಕೂತಿರೋದು ನಮ್ಮ ಜೂನಿಯರ್ಸ್.

"ಊರಿನ ಅರಳಿಕಟ್ಟೆಗಳು ಚೆನ್ನಾಗೇ ಇವೆಯಲ್ಲ?" ಅಂತ ಫ್ರೆಂಡ್ ಕೇಳಿದ. ಅಲ್ಲಿ ಎಷ್ಟೋ ಕಡೆ ಮರ ಚಿಕ್ಕದಿದ್ದಾಗಲೇ ಕಟ್ಟೆ ಕಟ್ಟಿರ್ತಾರೆ. ಕಲ್ಲಿನ ಸಂದಿ, ಒಳಗೆ ಮಣ್ಣು, ಸುತ್ತ ಬಯಲು. ಇಲ್ಲಿ ನಾವು ಬೆಳೆದು ನಿಂತ ಮರದ ಕುತ್ತಿಗೆಗೆ ಸಿಮೆಂಟ್ ಸುತ್ತುತ್ತಿದ್ದೀವಿ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಿರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿತ್ತು.

ಹಾಗಂತ ಮರದ ಕೆಳಗೆ ಏನೂ ಕಟ್ಟಬಾರದು ಅಂತ ನಾನು ಹೇಳ್ತಿಲ್ಲ. ನೆರಳಿರೋ ಕಡೆನೇ ಜನ ಸೇರೋದು. ಆದರೆ ಉದ್ದ ಗೋಡೆಯ ಬದಲು ನಾಲ್ಕೈದು ಬಿಡಿ ಕಂಬ ಸಾಕು. ಗುಂಡಿಯನ್ನ ಜೆಸಿಬಿ ಬಿಟ್ಟು ಕೈಯಲ್ಲೇ ತೋಡಿ, ದಪ್ಪ ಬೇರು ಸಿಕ್ಕರೆ ಕಂಬವನ್ನ ಪಕ್ಕಕ್ಕೆ ಸರಿಸಿ. ಅದರ ಮೇಲೆ ನೆಲಕ್ಕೆ ತಾಗದ ಹಾಗೆ ಬೆಂಚು. ಕೆಳಗೆ ಮಣ್ಣು ಹಾಗೇ ಇರಲಿ.

ನನ್ನ ಬೇಡಿಕೆ ಇಷ್ಟೇ: ಇನ್ಮೇಲೆ ಕ್ಯಾಂಪಸ್‌ನ ಯಾವುದೇ ಪ್ಲಾನ್‌ನಲ್ಲಿ ಕಾಂಡದ ಜೊತೆ ಬೇರಿನ ವೃತ್ತವೂ ಇರಬೇಕು. ಇಲ್ಲದಿದ್ರೆ ಅಪ್ರೂವಲ್ ಬೇಡ. ನಮ್ಮ ಟೀಮ್ ಪ್ಲಾನ್ ಈಗ ತಿದ್ದಿ ಬರೀತಿದ್ದೀವಿ. 50 ಸೀಟ್ ಹೋಗಿ 22 ಆಗಿದೆ. ಪರವಾಗಿಲ್ಲ, ಉಳಿದವರು ನೆಲದ ಮೇಲೆ ಕೂರೋಣ.